ಮೊಬೈಲು ಫೋನಿನ ಮುಖಗಾಜಿನ ರಕ್ಷಣೆ: ಸ್ಕ್ರೀನ್ ಗಾರ್ಡಿನ ಆಯ್ಕೆ ಮತ್ತು ಅಂಟಿಸುವ ಕ್ರಮ



ಕೊಳೆರೋಗ, ಕಾಂಡಕೊರಕ, ಗೊಬ್ಬರದ ಪ್ರಮಾಣ, ನೆರಳಿನ ಹದ, ಧಾರಣೆಯ ಏರಿಳಿತ ಮುಂತಾದ ವಿಷಯಗಳನ್ನು ಕುರಿತು ಈ ಪತ್ರಿಕೆಯಲ್ಲಿ ಬರೆಯುತ್ತ ಬಂದಿದ್ದೇವೆ. ಈ ಸಲ ಮೊಬೈಲು ಫೋನಿನ ಗಾಜಿನ ವಿಷಯವನ್ನು ಎತ್ತಿಕೊಂಡಿರುವುದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಸ್ವಲ್ಪ ಯೋಚಿಸಿದರೆ ಇದೂ ಬೆಳೆಗಾರನ ವಿಷಯವೇ ಎಂಬುದು ಮನದಟ್ಟಾಗುತ್ತದೆ.

2016ರಲ್ಲಿ ಯುಪಿಐ ಬಂದ ಮೇಲೆ ಕೂಲಿ ಬಟವಾಡೆ, ಗೊಬ್ಬರದ ಅಂಗಡಿಯ ಲೆಕ್ಕ, ಲಾರಿ ಬಾಡಿಗೆ ಎಲ್ಲವೂ ಒಂದೊಂದಾಗಿ ಫೋನಿಗೆ ಬಂದವು. 2020ರಲ್ಲಿ ರಾಜ್ಯ ಸರ್ಕಾರವು ರೈತರೇ ತಮ್ಮ ಬೆಳೆಯ ಫೋಟೋ ತೆಗೆದು ದಾಖಲಿಸುವ ಬೆಳೆ ಸಮೀಕ್ಷೆಯ ಆಪ್ ತಂದಿತು. ಬ್ಯಾಂಕಿನ ಓಟಿಪಿ ಬರುವುದು ಫೋನಿಗೆ, ಮಂಡಿಯ ಧಾರಣೆ ತಿಳಿಯುವುದು ಫೋನಿನಲ್ಲಿ. ಮಳೆಗಾಲದ ರಾತ್ರಿ ಮರ ಬಿದ್ದು ರಸ್ತೆ ಕಟ್ಟಿದಾಗ 108ಕ್ಕೆ ಕರೆ ಮಾಡಬೇಕಾದುದೂ ಅದೇ ಫೋನಿನಿಂದ. ಮಕ್ಕಳು ದೂರದ ಊರಿನಲ್ಲಿದ್ದು ಒಂಟಿಮನೆಯಲ್ಲಿರುವ ವಯಸ್ಸಾದ ಸದಸ್ಯರ ಪಾಲಿಗಂತೂ ಅದು ಊರುಗೋಲಿನಷ್ಟೇ ಅವಶ್ಯ. ಹೀಗಿರುವಲ್ಲಿ ಮುಂಭಾಗದ ಗಾಜು ಒಡೆದು ಫೋನು ಕೈಕೊಟ್ಟರೆ ನಿಲ್ಲುವುದು ಬರೀ ಮಾತುಕತೆಯಲ್ಲ, ಮನೆಯ ವ್ಯವಹಾರವೇ ನಿಲ್ಲುತ್ತದೆ.

ಸಂಘದ ಕಛೇರಿಗೆ ಬರುವ ಸದಸ್ಯರ ಕೈಯಲ್ಲಿ ಜೇಡರಬಲೆಯಂತೆ ಸೀಳಿದ ಫೋನುಗಳನ್ನು ನಾವು ನೋಡುತ್ತಲೇ ಇದ್ದೇವೆ. ಒಬ್ಬ ಸದಸ್ಯರು ಕೂಲಿ ಹಣ ಕಳುಹಿಸುವಾಗ ಸೀಳಿನ ಅಡಿಯಲ್ಲಿದ್ದ ಅಂಕಿ ಸರಿಯಾಗಿ ಕಾಣದೆ ಹಣ ಬೇರೆಯವರ ಖಾತೆಗೆ ಹೋಯಿತು. ಅದನ್ನು ಮರಳಿ ಪಡೆಯುವಷ್ಟರಲ್ಲಿ ಅವರು ಪಟ್ಟಣಕ್ಕೆ ನಾಲ್ಕು ಸಲ ಅಲೆದರು. ನೂರಿನ್ನೂರು ರೂಪಾಯಿಯ ಗಾರ್ಡನ್ನು ತಿಳಿದು ಆರಿಸಿ ಸರಿಯಾಗಿ ಅಂಟಿಸಿದ್ದರೆ ಇಂತಹ ಹಲವು ತಾಪತ್ರಯಗಳು ತಪ್ಪುತ್ತಿದ್ದವು. ಆದುದರಿಂದ ಈ ಪಾಠ.

ಗಾರ್ಡು ಎಂದರೇನು?

ಬೋರ್ಡೋ ದ್ರಾವಣ ಬಳಕೆಗೆ ಬರುವ ಮೊದಲು ನಮ್ಮ ಹಿರಿಯರು ಮಳೆ ಹಿಡಿಯುವುದಕ್ಕೆ ಮುಂಚೆ ಅಡಿಕೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಮಳೆ, ಗಾಳಿ, ಕೊಳೆಯ ಪೆಟ್ಟೆಲ್ಲ ಕೊಟ್ಟೆಗೆ, ಒಳಗಿನ ಕಾಯಿ ಕ್ಷೇಮ. ಮಳೆಗಾಲ ಮುಗಿದ ಮೇಲೆ ಕೊಟ್ಟೆ ಹಾಳಾಗಿದ್ದರೆ ಯಾರೂ ಮರುಗುತ್ತಿರಲಿಲ್ಲ. ಫೋನಿನ ಗಾರ್ಡಿನ ಕೆಲಸವೂ ಇದೇ. ಗೀರು ತಾನು ತಿಂದು, ಪೆಟ್ಟು ತಾನು ತಿಂದು, ಅಡಿಯ ಗಾಜನ್ನು ಉಳಿಸುವುದು. ಗಾರ್ಡು ಒಡೆಯಿತೆಂದರೆ ಅದು ಕಳಪೆ ಎಂದು ತಿಳಿಯಬೇಕಾಗಿಲ್ಲ. ಒಡೆಯಬೇಕಾದುದೇ ಅದು.

ಗಾಜು ಒಡೆಯುವುದೇಕೆ?

ಗಾಜನ್ನು ಅದುಮಿದರೆ ಅದು ಬಹಳ ತಡೆದುಕೊಳ್ಳುತ್ತದೆ, ಎಳೆದರೆ ಅಥವಾ ಬಗ್ಗಿಸಿದರೆ ತಡೆಯುವುದಿಲ್ಲ. 1920ರ ದಶಕದ ಆರಂಭದಲ್ಲಿ ಗ್ರಿಫಿತ್ ಎಂಬ ಇಂಗ್ಲಿಷ್ ಎಂಜಿನಿಯರ್ ಇದಕ್ಕೆ ಕಾರಣ ತೋರಿಸಿಕೊಟ್ಟರು. ಗಾಜಿನ ಮೇಲೆ ಕಣ್ಣಿಗೆ ಕಾಣದ ಸಣ್ಣ ಸೀಳುಗಳಿರುತ್ತವೆ. ಗಾಜು ಬಾಗಿದಾಗ ಎಳೆತವೆಲ್ಲ ಆ ಸೀಳಿನ ತುದಿಯಲ್ಲಿ ಬಂದು ಸೇರುತ್ತದೆ, ಸೀಳು ಒಮ್ಮೆಲೇ ಓಡುತ್ತದೆ. ಸೌದೆ ಸೀಳುವವರಿಗೆ ಇದು ಹೊಸದಲ್ಲ. ಬಿರುಕು ಬಿಟ್ಟ ದಿಮ್ಮಿಗೆ ಬೆಣೆ ಇಟ್ಟರೆ ಒಂದೇ ಏಟು ಸಾಕು.

ಈ ಸೀಳು ಓಡದಂತೆ ಮಾಡಲು ಫೋನಿನ ಗಾಜಿಗೆ ಒಂದು ಸಂಸ್ಕಾರ ಕೊಡುತ್ತಾರೆ. ಸೋಡಿಯಂ ಇರುವ ಗಾಜನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಅದ್ದಿಡುತ್ತಾರೆ. ಆಗ ಗಾಜಿನ ಮೇಲ್ಪದರದಿಂದ ಸಣ್ಣ ಗಾತ್ರದ ಸೋಡಿಯಂ ಕಣಗಳು ಹೊರಬಂದು, ಅದೇ ಜಾಗಕ್ಕೆ ದೊಡ್ಡ ಗಾತ್ರದ ಪೊಟ್ಯಾಸಿಯಂ ಕಣಗಳು ಸೇರಿಕೊಳ್ಳುತ್ತವೆ. ತುಂಬಿದ ಮೂಟೆಯಿಂದ ಸಿ ದರ್ಜೆಯ ಕಾಫಿಬೀಜವನ್ನು ಒಂದೊಂದೇ ತೆಗೆದು ಆ ಸಂದಿಗೆ ಎ ದರ್ಜೆಯ ಬೀಜವನ್ನು ತುರುಕಿದರೆ ಮೂಟೆ ಹೇಗೆ ಬಿಗಿಯಾದೀತೋ ಹಾಗೆ ಗಾಜಿನ ಮೈ ಬಿಗಿಯಾಗುತ್ತದೆ. ಈ ಬಿಗಿ ಇರುವವರೆಗೆ ಸೀಳು ಸುಲಭವಾಗಿ ಬಾಯಿ ಬಿಡದು. 2007ರಲ್ಲಿ ಬಂದ ಮೊದಲ ಐಫೋನಿಗೆ ಅಮೆರಿಕದ ಕಾರ್ನಿಂಗ್ ಕಂಪೆನಿ ಒದಗಿಸಿದ ಗಾಜು ಇಂತಹುದು. ಗೊರಿಲ್ಲಾ ಗ್ಲಾಸ್ ಎಂದು ಹೆಸರಾಗಿರುವುದು ಇದೇ.

"ನಮ್ಮ ಫೋನಿನಲ್ಲಿ ಗೊರಿಲ್ಲಾ ಗ್ಲಾಸ್ ಇದೆ, ಮತ್ತೆ ಗಾರ್ಡು ಏಕೆ?" ಎಂದು ಕೆಲವು ಸದಸ್ಯರು ಕೇಳುತ್ತಾರೆ. ಗಟ್ಟಿ ಗಾಜಿಗೂ ಗೀರು ಬೀಳುತ್ತದೆ. ಆಳವಾದ ಗೀರು ಆ ಬಿಗಿಯಾದ ಮೇಲ್ಪದರವನ್ನೇ ದಾಟಿ ಒಳಕ್ಕೆ ಇಳಿಯುತ್ತದೆ. ಇಂದು ಬಿದ್ದ ಗೀರು ನಾಳೆ ಫೋನು ಕೈಜಾರಿದಾಗ ಸೀಳಿನ ಬಾಯಿಯಾಗುತ್ತದೆ. ಎರಡು ವರ್ಷ ಹತ್ತು ಸಲ ಬಿದ್ದರೂ ಏನೂ ಆಗದ ಫೋನು ಹನ್ನೊಂದನೆಯ ಸಲ ಮೊಣಕಾಲೆತ್ತರದಿಂದ ಬಿದ್ದು ಒಡೆಯುವುದರ ಹಿಂದೆ ಹಲವು ವೇಳೆ ಇಂತಹ ಹಳೆಯ ಗೀರು ಇರುತ್ತದೆ.

ಗೀರು ಬೀಳುವುದು ಯಾವುದರಿಂದ?

ಯಾವ ವಸ್ತು ಯಾವುದನ್ನು ಗೀರುತ್ತದೆ ಎಂಬುದಕ್ಕೆ ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೀಡ್ರಿಕ್ ಮೋಸ್ ಎಂಬವರು 1812ರಲ್ಲಿ 1ರಿಂದ 10ರವರೆಗಿನ ಒಂದು ಅಳತೆಯನ್ನು ಗೊತ್ತುಮಾಡಿದರು. ಬಳಪದ ಕಲ್ಲು 1, ವಜ್ರ 10. ನಮ್ಮ ಉಗುರು ಸುಮಾರು 2.5, ಸಾಧಾರಣ ಚಾಕುವಿನ ಉಕ್ಕು ಮತ್ತು ಕಿಟಕಿಯ ಗಾಜು 5.5ರ ಆಸುಪಾಸು, ಬೆಣಚುಕಲ್ಲು 7, ಕುರಂದ 9. ಹೆಚ್ಚಿನ ಸಂಖ್ಯೆಯದು ಕಡಿಮೆ ಸಂಖ್ಯೆಯದನ್ನು ಗೀರುತ್ತದೆ. ಫೋನಿನ ಗಾಜು 6ರ ಸುಮಾರಿನದು.

ಇದರಿಂದ ಬೆಳೆಗಾರರು ತಿಳಿಯತಕ್ಕದ್ದೇನು? ಜೇಬಿನ ಬೀಗದ ಕೈ, ನಾಣ್ಯಗಳಿಂದ ಫೋನಿಗೆ ಭಯ ಕಡಿಮೆ. ಭಯವಿರುವುದು ಮಣ್ಣಿನಿಂದ. ನಮ್ಮ ತೋಟದ ಕೆಂಪು ಮಣ್ಣು ಹಳೆಯ ಬಂಡೆ ಸವೆದು ಆದುದು. ಅದರಲ್ಲಿ ಬೆಣಚುಕಲ್ಲಿನ ಸಣ್ಣ ಹರಳುಗಳು ಧಾರಾಳವಾಗಿರುತ್ತವೆ. ತೋಟದ ಕೆಲಸ ಮುಗಿಸಿ ಅದೇ ಜೇಬಿಗೆ ಫೋನು ಹಾಕಿ ನಡೆದರೆ, ಉಜ್ಜುಕಾಗದವನ್ನು ಗಾಜಿನ ಮೇಲೆ ಉಜ್ಜಿದಂತೆಯೇ. ಸುಗ್ಗಿಯಲ್ಲಿ ಕಾಫಿ ಕಣದ ಧೂಳು, ಅಡಿಕೆ ಅಂಗಳದ ಮಣ್ಣು, ಜೀಪಿನ ಡ್ಯಾಶ್‌ಬೋರ್ಡಿನ ಮೇಲಿನ ಮರಳು ಇವೆಲ್ಲ ಇದೇ ಜಾತಿ. ಪೇಟೆಯ ಕಛೇರಿಯಲ್ಲಿ ಕುಳಿತವರಿಗಿಂತ ನಮಗೆ ಗಾರ್ಡಿನ ಅಗತ್ಯ ಹೆಚ್ಚು.

'9 ಎಚ್' ಎಂಬ ಗುರುತು

ಗಾರ್ಡಿನ ಪೊಟ್ಟಣದ ಮೇಲೆ '9 ಎಚ್' ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಮೇಲೆ ಹೇಳಿದ ಅಳತೆಯಲ್ಲಿ ವಜ್ರಕ್ಕೆ 10 ತಾನೆ, ಇದು ವಜ್ರಕ್ಕೆ ಒಂದು ಮೆಟ್ಟಿಲು ಮಾತ್ರ ಕೆಳಗೆ ಎಂದು ಎಣಿಸುವುದು ಸಹಜ. ಅದು ಸರಿಯಲ್ಲ. ಇಲ್ಲಿನ 'ಎಚ್' ಪೆನ್ಸಿಲಿನ ಎಚ್. ಶಾಲೆಯಲ್ಲಿ ನಾವು ಬಳಸಿದ ಎಚ್‌ಬಿ ಪೆನ್ಸಿಲಿನ ಸಾಲಿನಲ್ಲಿ ಅತ್ಯಂತ ಗಟ್ಟಿಯಾದುದು 9 ಎಚ್. ಬಣ್ಣದ ಲೇಪಗಳು ಎಷ್ಟು ಗಟ್ಟಿ ಎಂದು ನೋಡಲು, ಗೊತ್ತಾದ ಭಾರದಲ್ಲಿ ಪೆನ್ಸಿಲನ್ನು ಒತ್ತಿ ಎಳೆದು ಗೀರು ಬೀಳುವುದೋ ಇಲ್ಲವೋ ಎಂದು ಪರೀಕ್ಷಿಸುವ ಕ್ರಮವಿದೆ. 9 ಎಚ್ ಪೆನ್ಸಿಲಿನಿಂದಲೂ ಗೀರು ಬೀಳಲಿಲ್ಲ ಎಂಬುದಷ್ಟೇ ಆ ಗುರುತಿನ ಅರ್ಥ. ಕಿಟಕಿಯ ಗಾಜೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಆದುದರಿಂದ 9 ಎಚ್ ಎಂದು ಬರೆದಿದೆ ಎಂಬ ಕಾರಣಕ್ಕೆ ಹೆಚ್ಚು ಹಣ ಕೊಡತಕ್ಕದ್ದಲ್ಲ.

ಹಾಗೆಯೇ 9 ಡಿ, 11 ಡಿ, 21 ಡಿ ಎಂಬ ಗುರುತುಗಳಿಗೂ ಯಾವ ಒಪ್ಪಿತ ಮಾನದಂಡವೂ ಇಲ್ಲ. 2.5 ಡಿ ಎಂಬುದಕ್ಕೆ ಮಾತ್ರ ಅಂಚನ್ನು ಸ್ವಲ್ಪ ಉರುಟಾಗಿ ತಿಕ್ಕಿದ ಗಾಜು ಎಂಬ ಅರ್ಥವಿದೆ. ಉಳಿದುದು ವ್ಯಾಪಾರದ ಮಾತು.

ಗಾರ್ಡುಗಳಲ್ಲಿ ಬಗೆಗಳು

ಮೊದಲನೆಯದು ತೆಳು ಪ್ಲಾಸ್ಟಿಕ್ ಹಾಳೆ. ಬೆಲೆ ಕಡಿಮೆ. ಸಣ್ಣಪುಟ್ಟ ಗೀರಿಗೆ ಸಾಕು, ಬಿದ್ದರೆ ಪ್ರಯೋಜನ ಅಷ್ಟಕ್ಕಷ್ಟೆ. ಹೊಸ ಫೋನಿನೊಡನೆ ಕಾರ್ಖಾನೆಯಲ್ಲೇ ಅಂಟಿಸಿ ಕೊಡುವ ಹಾಳೆ ಸಾಮಾನ್ಯವಾಗಿ ಈ ಬಗೆಯದು.

ಎರಡನೆಯದು ಟಿಪಿಯು ಎಂಬ ರಬ್ಬರಿನಂತೆ ಬಾಗುವ ಹಾಳೆ. ಇದರ ಮೇಲೆ ಬಿದ್ದ ನವಿರಾದ ಗೀರು ಕೆಲಕಾಲದಲ್ಲಿ ತಾನೇ ಮಾಸುತ್ತದೆ. ಅಂಚು ಬಾಗಿದ ಪರದೆಯ ಫೋನುಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಮುಟ್ಟಿದರೆ ಗಾಜಿನ ನುಣುಪು ಇರುವುದಿಲ್ಲ.

ಮೂರನೆಯದು ಅಂಗಡಿಗಳಲ್ಲಿ 'ಟೆಂಪರ್' ಎಂದೇ ಕರೆಯುವ ಟೆಂಪರ್ಡ್ ಗ್ಲಾಸ್. ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ದಪ್ಪ. ಗೀರಿಗೂ ಪೆಟ್ಟಿಗೂ ಪ್ಲಾಸ್ಟಿಕ್ಕಿಗಿಂತ ಮೇಲು, ಅಂಟಿಸುವುದೂ ಸುಲಭ. ಚಪ್ಪಟೆ ಪರದೆಯ ಫೋನು ಇರುವ ಸದಸ್ಯರಿಗೆ ನಮ್ಮ ಶಿಫಾರಸು ಇದೇ.

ಇವಲ್ಲದೆ ಎರಡು ವಿಶೇಷ ಬಗೆಗಳಿವೆ. ಮ್ಯಾಟ್ ಎಂಬ ಹೊಳಪಿಲ್ಲದ ಗಾರ್ಡು ಬಿಸಿಲಿನ ಪ್ರತಿಬಿಂಬವನ್ನು ಕಡಿಮೆ ಮಾಡುತ್ತದೆ, ಬೆರಳಿನ ಜಿಡ್ಡೂ ಎದ್ದು ಕಾಣುವುದಿಲ್ಲ. ಆದರೆ ಅಕ್ಷರ ಸ್ವಲ್ಪ ಮಸುಕಾಗುತ್ತದೆ. ಪ್ರೈವಸಿ ಎಂಬ ಗಾರ್ಡು ಪಕ್ಕದಲ್ಲಿ ಕುಳಿತವರಿಗೆ ಪರದೆ ಕಾಣದಂತೆ ಮಾಡುತ್ತದೆ. ಬಸ್ಸಿನಲ್ಲಿ ಬ್ಯಾಂಕಿನ ಆಪ್ ತೆರೆಯುವವರಿಗೆ ಇದು ಒಳ್ಳೆಯದೇ, ಆದರೆ ಬೆಳಕು ಕುಂದುತ್ತದೆ. ದೃಷ್ಟಿ ಮಂದವಾದ ಹಿರಿಯರಿಗೂ, ನೆರಳು ದಟ್ಟವಾದ ತೋಟದಲ್ಲಿ ಫೋನು ನೋಡುವವರಿಗೂ ಇದು ಬೇಡ.

ದ್ರವದ ಅಂಟು ಸುರಿದು ನೇರಳಾತೀತ ದೀಪದಲ್ಲಿ ಒಣಗಿಸುವ ಯುವಿ ಗ್ಲಾಸ್ ಎಂಬ ಇನ್ನೊಂದು ಕ್ರಮವಿದೆ. ಬಾಗಿದ ಪರದೆಗೆ ಇದನ್ನು ಹಾಕುತ್ತಾರೆ. ಅಂಟು ಹರಿದು ಸ್ಪೀಕರಿನ ತೂತಿಗೋ ಪಕ್ಕದ ಗುಂಡಿಗೋ ಸೇರಿದರೆ ರಿಪೇರಿ ಕಷ್ಟ. ಅನುಭವವಿಲ್ಲದ ಕೈಗೆ ಈ ಕೆಲಸ ಕೊಡತಕ್ಕದ್ದಲ್ಲ.

ಮಡಚುವ ಫೋನು ಕೊಂಡವರಿಗೆ ಒಂದು ಎಚ್ಚರಿಕೆ. ಅದರ ಒಳಪರದೆಯ ಮೇಲಿರುವ ಹಾಳೆ ಪರದೆಯದೇ ಒಂದು ಭಾಗ. 2019ರ ಏಪ್ರಿಲಿನಲ್ಲಿ ಸ್ಯಾಮ್‌ಸಂಗ್ ಕಂಪೆನಿಯ ಮೊದಲ ಮಡಚುವ ಫೋನನ್ನು ಪರೀಕ್ಷೆಗೆಂದು ಪಡೆದ ಕೆಲವು ಪತ್ರಕರ್ತರು ಅದನ್ನು ಮಾಮೂಲು ಹಾಳೆಯೆಂದು ತಿಳಿದು ಕಿತ್ತರು, ಪರದೆಯೇ ಕೆಟ್ಟಿತು. ಅದನ್ನು ಕೀಳಲೂಬಾರದು, ಅದರ ಮೇಲೆ ಗಾಜು ಅಂಟಿಸಲೂಬಾರದು.

ಕೊಳ್ಳುವಾಗ ನೋಡತಕ್ಕ ಅಂಶಗಳು

ಮೊದಲು ಫೋನಿನ ಪೂರ್ಣ ಹೆಸರನ್ನು ತಿಳಿದುಕೊಳ್ಳಬೇಕು. ಸೆಟ್ಟಿಂಗ್ಸ್‌ನಲ್ಲಿ 'ಫೋನ್ ಬಗ್ಗೆ' ಎಂಬಲ್ಲಿ ಅದು ಸಿಗುತ್ತದೆ. ಒಂದೇ ಹೆಸರಿನ 4ಜಿ ಮತ್ತು 5ಜಿ ಫೋನುಗಳ ಅಳತೆಯೂ ಕ್ಯಾಮರಾದ ಜಾಗವೂ ಬೇರೆ ಇರಬಹುದು. "ಇದು ಎಲ್ಲಕ್ಕೂ ಆಗುತ್ತದೆ" ಎಂದು ಕೊಡುವ ಗಾರ್ಡನ್ನು ಕೊಳ್ಳಬಾರದು.

ಎರಡನೆಯದು ಅಂಟಿನ ವಿಚಾರ. ಅಗ್ಗದ ಕೆಲವು ಗಾಜುಗಳಲ್ಲಿ ಅಂಚಿಗೆ ಮಾತ್ರ ಅಂಟು ಇರುತ್ತದೆ, ನಡುವೆ ಗಾಳಿ ಉಳಿಯುತ್ತದೆ. ಅಂತಹುದರಲ್ಲಿ ಮುಟ್ಟಿದ್ದು ಸರಿಯಾಗಿ ತಾಗದು, ಧೂಳೂ ಒಳಸೇರುತ್ತದೆ. ಪೂರ್ತಿ ಮೈಗೆ ಅಂಟು ಇರುವುದನ್ನೇ ಕೇಳಿ ಪಡೆಯಬೇಕು.

ಮೂರನೆಯದು ಹಿಂಬದಿಯ ಕವರು. ಪರದೆಯ ತುತ್ತತುದಿಯವರೆಗೆ ಬರುವ ಗಾಜಾದರೆ ಬಿಗಿಯಾದ ಕವರು ಅದರ ಅಂಚನ್ನು ಎತ್ತಿಬಿಡುತ್ತದೆ. ಅಂಗಡಿಗೆ ಹೋಗುವಾಗ ಕವರನ್ನೂ ತೆಗೆದುಕೊಂಡು ಹೋಗಿ ಎರಡನ್ನೂ ಕೂಡಿಸಿ ನೋಡುವುದು ಒಳ್ಳೆಯದು. ಕವರಿನ ಅಂಚು ಗಾಜಿಗಿಂತ ಕೂದಲೆಳೆಯಷ್ಟಾದರೂ ಎತ್ತರವಿರಬೇಕು.

ನಾಲ್ಕನೆಯದು ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಇದೆಯೇ ಎಂಬುದು. ಒಂದೇ ಪೊಟ್ಟಣದಲ್ಲಿ ಎರಡು ಗಾಜು ಇರುವುದು ಸಿಕ್ಕಿದರೆ ಅದನ್ನೇ ಕೊಳ್ಳಿ. ಒಂದು ಅಂಟಿಸುವಾಗ ಕೆಟ್ಟರೂ ಇನ್ನೊಂದು ಇರುತ್ತದೆ. ಮಳೆಗಾಲದಲ್ಲಿ ಪೇಟೆಗೆ ಮತ್ತೆ ಹೋಗುವ ಶ್ರಮವೂ ಉಳಿಯುತ್ತದೆ.

ಬೆರಳಚ್ಚಿನ ಪ್ರಶ್ನೆ

ಫೋನಿನ ಪಕ್ಕದ ಗುಂಡಿಯಲ್ಲಿ ಬೆರಳಚ್ಚು ಓದುವ ವ್ಯವಸ್ಥೆ ಇದ್ದರೆ ಗಾರ್ಡಿನಿಂದ ತೊಂದರೆಯಿಲ್ಲ. ಪರದೆಯ ಅಡಿಯಲ್ಲಿ ಇದ್ದರೆ ಎಚ್ಚರ ಬೇಕು. ಅದರಲ್ಲಿ ಎರಡು ಬಗೆ. ಒಂದು ಬೆಳಕಿನಿಂದ ಓದುತ್ತದೆ, ಇನ್ನೊಂದು ಕಿವಿಗೆ ಕೇಳದ ಶಬ್ದದ ಅಲೆಯಿಂದ ಓದುತ್ತದೆ. ಎರಡನೆಯದಕ್ಕೆ ನಡುವೆ ಗಾಳಿ ಇದ್ದರಾಗಲಿ ದಪ್ಪ ಗಾಜು ಇದ್ದರಾಗಲಿ ಬೆರಳು ಸಿಗುವುದಿಲ್ಲ. ತಮ್ಮ ಮಾದರಿಯ ಬೆರಳಚ್ಚಿಗೆ ಹೊಂದುವ ಗಾಜೇ ಎಂದು ಅಂಗಡಿಯಲ್ಲಿ ಸ್ಪಷ್ಟವಾಗಿ ಕೇಳಬೇಕು. ಗಾರ್ಡು ಹಾಕಿದ ಮೇಲೆ ಹಳೆಯ ಬೆರಳಚ್ಚನ್ನು ಅಳಿಸಿ ಹೊಸದಾಗಿ ದಾಖಲಿಸಬೇಕು.

ನಮ್ಮವರಿಗೆ ಇನ್ನೊಂದು ತೊಡಕುಂಟು. ವರ್ಷಗಟ್ಟಲೆ ಅಡಿಕೆ ಸುಲಿದು, ಸುಣ್ಣ ಕಲಸಿ, ಚೊಗರು ಹಿಡಿದ ಹೆಬ್ಬೆರಳಿನ ಗೆರೆಗಳು ಸವೆದಿರುತ್ತವೆ. ಅಂತಹವರು ಕೆಲಸದಲ್ಲಿ ಕಡಿಮೆ ಸವೆಯುವ ಉಂಗುರದ ಬೆರಳನ್ನೋ ಕಿರುಬೆರಳನ್ನೋ ದಾಖಲಿಸಿಕೊಂಡರೆ ಅನುಕೂಲ. ಪಿನ್ನನ್ನೂ ಮರೆಯದಂತಿರಬೇಕು.

ಅಂಟಿಸುವ ಕ್ರಮ

ಅರ್ಧ ಗಂಟೆ ಬಿಡುವು ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಟೆಂಪರ್ಡ್ ಗ್ಲಾಸನ್ನು ಯಾರಾದರೂ ಮನೆಯಲ್ಲೇ ಅಂಟಿಸಬಹುದು. ಈ ಕೆಲಸದಲ್ಲಿ ಶತ್ರು ಒಂದೇ, ಅದು ಧೂಳು.

1. ಸ್ಥಳ: ಫ್ಯಾನು ನಿಲ್ಲಿಸಿ, ಕಿಟಕಿ ಹಾಕಿ, ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಯಾರಾದರೂ ಬಿಸಿನೀರಿನ ಸ್ನಾನ ಮಾಡಿಬಂದ ಬಚ್ಚಲುಮನೆಯಲ್ಲಿ ಹಬೆಯೊಡನೆ ಧೂಳು ಕೆಳಗಿಳಿದಿರುವುದರಿಂದ ಅದು ಒಳ್ಳೆಯ ಸ್ಥಳ. ಹಬೆ ಆರಿದ ಮೇಲೆ ಅಲ್ಲಿ ಅಂಟಿಸಬಹುದು. ಆದರೆ ಸೌದೆ ಒಲೆಯ ಬೂದಿ ಹಾರುವ ಬಚ್ಚಲು ಬೇಡ. ಉಣ್ಣೆಯ ಸ್ವೆಟರು, ಶಾಲು ತೆಗೆದಿಡಬೇಕು. ಕೈಯನ್ನು ಸೋಪಿನಿಂದ ತೊಳೆದು ಒಣಗಿಸಬೇಕು.

2. ಫೋನು: ಪೂರ್ತಿ ಆಫ್ ಮಾಡಿ ಕವರು ತೆಗೆಯಬೇಕು. ಕಪ್ಪು ಪರದೆಯ ಮೇಲೆ ಧೂಳು ಚೆನ್ನಾಗಿ ಕಾಣುತ್ತದೆ.

3. ಹಳೆಯ ಹಾಳೆ: ಕಾರ್ಖಾನೆಯ ಹಾಳೆ ಅಥವಾ ಹಳೆಯ ಗಾರ್ಡು ಇದ್ದರೆ ತೆಗೆಯಬೇಕು. ಒಂದು ಮೂಲೆಗೆ ಅಂಟುಪಟ್ಟಿ ಹಚ್ಚಿ ಅದನ್ನು ಮೆಲ್ಲಗೆ ಎತ್ತಿದರೆ ಮೂಲೆ ಏಳುತ್ತದೆ. ಏಳದಿದ್ದರೆ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚನ್ನು ಬಳಸಬಹುದು. ಚಾಕು, ಬ್ಲೇಡು ಸರ್ವಥಾ ಕೂಡದು. ಒಡೆದ ಗಾಜಾದರೆ ಮೊದಲು ಅದರ ಮೈಮೇಲೆಲ್ಲ ಅಂಟುಪಟ್ಟಿ ಹಚ್ಚಿ ಬಳಿಕ ಎತ್ತಿದರೆ ಚೂರು ಉದುರುವುದಿಲ್ಲ, ಕೈಯೂ ಕುಯ್ಯುವುದಿಲ್ಲ.

4. ಶುದ್ಧಿ: ಪೊಟ್ಟಣದಲ್ಲಿರುವ ಒದ್ದೆ ಕಾಗದದಿಂದ ಜಿಡ್ಡು ಹೋಗುವಂತೆ ಒರೆಸಿ, ಅದು ಆರುವ ಮೊದಲೇ ಒಣ ಬಟ್ಟೆಯಿಂದ ಒರೆಸಬೇಕು. ಮೇಲೆ ಮಣ್ಣಿನ ಕಣಗಳಿದ್ದರೆ ಅವನ್ನು ಮೊದಲು ಊದಿ ಹಾರಿಸಿದ ಮೇಲೆಯೇ ಈ ಕೆಲಸ. ಇಲ್ಲವಾದರೆ ಒರೆಸುವುದರಿಂದಲೇ ಗೀರು ಬೀಳುತ್ತದೆ. ಬಳಿಕ ಧೂಳು ಎತ್ತುವ ಅಂಟುಹಾಳೆಯನ್ನು ಪರದೆಯ ಉದ್ದಕ್ಕೂ ಒತ್ತಿ ಎತ್ತಬೇಕು. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಉಳಿದ ಕಣಗಳೂ ಕಾಣುತ್ತವೆ.

5. ಅಳತೆ: ಅಂಟಿನ ಮೇಲಿನ ಹಾಳೆಯನ್ನು ತೆಗೆಯದೆ ಗಾಜನ್ನು ಪರದೆಯ ಮೇಲಿಟ್ಟು ಕ್ಯಾಮರಾ, ಕಿವಿಯ ಸ್ಪೀಕರು, ಅಂಚುಗಳು ಹೊಂದುವಂತೆ ಜೋಡಿಸಬೇಕು. ಉದ್ದನೆಯ ಒಂದು ಬದಿಗೆ ಎರಡು ತುಂಡು ಅಂಟುಪಟ್ಟಿಯನ್ನು ಗಾಜಿಗೂ ಫೋನಿನ ಬದಿಗೂ ಸೇರಿಸಿ ಹಚ್ಚಬೇಕು. ಈಗ ಗಾಜು ಬಾಗಿಲಿನಂತೆ ಕೀಲಿನ ಮೇಲೆ ನಿಂತಿತು. ತೆರೆದು ಮುಚ್ಚಿದರೂ ಜಾಗ ತಪ್ಪುವುದಿಲ್ಲ. ಕೆಲವು ಪೊಟ್ಟಣಗಳಲ್ಲಿ ಇದೇ ಕೆಲಸಕ್ಕೆ ಪ್ಲಾಸ್ಟಿಕ್ಕಿನ ಚೌಕಟ್ಟು ಕೊಟ್ಟಿರುತ್ತಾರೆ. ಅದಿದ್ದರೆ ಇನ್ನೂ ಸುಲಭ.

6. ಅಂಟಿಸುವುದು: ಗಾಜನ್ನು ಬಾಗಿಲಿನಂತೆ ಎತ್ತಿ ಹಿಡಿದು ಅಡಿಯ ಹಾಳೆಯನ್ನು ಸುಲಿಯಬೇಕು. ಅಂಟಿನ ಮೈಯನ್ನು ಬೆರಳಿನಿಂದ ಮುಟ್ಟಬಾರದು. ಗಾಜನ್ನು ಮೆಲ್ಲಗೆ ಇಳಿಸಿ ಬಿಟ್ಟು, ನಡುವೆ ಒಂದು ಸಲ ಬೆರಳಿನಿಂದ ಒತ್ತಿದರೆ ಅಂಟು ತಾನಾಗಿಯೇ ಸುತ್ತಲೂ ಹರಡುತ್ತದೆ. ಉಳಿದ ಗುಳ್ಳೆಗಳನ್ನು ಬಟ್ಟೆ ಸುತ್ತಿದ ಕಾರ್ಡಿನಿಂದ ಅಂಚಿನ ಕಡೆಗೆ ತಳ್ಳಬೇಕು. ಜೋರಾಗಿ ಒತ್ತತಕ್ಕದ್ದಲ್ಲ.

7. ಗುಳ್ಳೆ ಉಳಿದರೆ: ನಡುವೆ ಚುಕ್ಕೆಯಿಲ್ಲದ ಸಣ್ಣ ಗುಳ್ಳೆ ಗಾಳಿಯದು, ಒಂದೆರಡು ದಿನಗಳಲ್ಲಿ ಹೋಗುತ್ತದೆ. ನಡುವೆ ಚುಕ್ಕೆ ಇದ್ದರೆ ಅದು ಧೂಳಿನ ಗುಳ್ಳೆ, ತಾನಾಗಿ ಹೋಗುವುದಿಲ್ಲ. ಹತ್ತಿರದ ಮೂಲೆಯನ್ನು ಅಂಟುಪಟ್ಟಿಯಿಂದ ಸ್ವಲ್ಪವೇ ಎತ್ತಿ, ಇನ್ನೊಂದು ತುಂಡು ಅಂಟುಪಟ್ಟಿಯನ್ನು ಆ ಕಣಕ್ಕೆ ತಾಗಿಸಿ ತೆಗೆದು, ಮತ್ತೆ ಗಾಜನ್ನು ಇಳಿಸಬೇಕು.

8. ಪರೀಕ್ಷೆ: ಫೋನು ಆನ್ ಮಾಡಿ ಕೀಲಿಮಣೆಯ ಎಲ್ಲ ಅಕ್ಷರ, ಅಂಕಿಗಳನ್ನೂ ಒತ್ತಿ ನೋಡಬೇಕು. ಒಂದು ಕರೆ ಮಾಡಿ ಕಿವಿಗೆ ಹಿಡಿದಾಗ ಪರದೆ ಆರುವುದೋ ನೋಡಬೇಕು. ಆರದಿದ್ದರೆ ಮೇಲಿನ ಸಂವೇದಕವನ್ನು ಗಾಜು ಮುಚ್ಚಿರಬಹುದು. ಅಂತಹ ಸಂದರ್ಭದಲ್ಲಿ ಮಾತಿನ ನಡುವೆ ಕೆನ್ನೆ ತಾಗಿ ಕರೆ ನಿಲ್ಲುತ್ತದೆ. ಮುಟ್ಟಿದ್ದು ಮಂದವಾಗಿದ್ದರೆ ಕೆಲವು ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಸ್ಪರ್ಶ ಸೂಕ್ಷ್ಮತೆಯನ್ನು ಹೆಚ್ಚಿಸುವ ಅವಕಾಶವಿರುತ್ತದೆ.

ಅಂಗಡಿಯಲ್ಲಿ ಹಾಕಿಸುವುದಾದರೆ

ಕೈ ನಡುಗುವ ಹಿರಿಯರು ಅಂಗಡಿಯಲ್ಲೇ ಹಾಕಿಸುವುದು ಮೇಲು. ಅಲ್ಲಿ ಮೂರು ವಿಷಯ ನೆನಪಿರಲಿ. ಒಂದು, ಬಸ್ಸು ಲಾರಿಗಳ ಧೂಳು ಬೀಳುವ ರಸ್ತೆ ಬದಿಯ ಮೇಜಿನ ಮೇಲೆ ಹಾಕಿಸಬೇಡಿ. ಎರಡು, ಹಣ ಕೊಡುವ ಮೊದಲು ಬೆಳಕಿನಲ್ಲಿ ಓರೆಯಾಗಿ ಹಿಡಿದು ಧೂಳು, ಮೂಲೆಯ ಒಡಕು ನೋಡಿ, ಇದ್ದರೆ ಬದಲಿಸಿಕೊಡಲು ಹೇಳಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಗಾರ್ಡು ಅಂಟಿಸಲು ಫೋನಿನ ಪಿನ್ ಬೇಕಾಗಿಲ್ಲ. ಯಾರೇ ಕೇಳಿದರೂ ಹೇಳತಕ್ಕದ್ದಲ್ಲ. ಪರೀಕ್ಷೆ ಮಾಡುವಾಗ ಫೋನನ್ನು ತಾವೇ ತೆರೆದು, ತಮ್ಮ ಕೈಯಲ್ಲೇ ಇಟ್ಟುಕೊಂಡು ನೋಡಬೇಕು.

ಬಳಕೆ ಮತ್ತು ಪಾಲನೆ

ಬೋರ್ಡೋ ಸಿಂಪಡಿಸುವ ದಿನಗಳಲ್ಲಿ ಸುಣ್ಣ, ಮೈಲುತುತ್ತದ ಕೈಯಿಂದ ಫೋನು ಮುಟ್ಟಬಾರದು. ಹನಿ ಸಿಡಿದಿದ್ದರೆ ಒಣಗಲು ಬಿಡದೆ ಒದ್ದೆ ಹತ್ತಿ ಬಟ್ಟೆಯಿಂದ ಮೆಲ್ಲಗೆ ಎತ್ತಿ, ಬಳಿಕ ಒರೆಸಬೇಕು. ಸೀಮೆಎಣ್ಣೆ, ಥಿನ್ನರ್, ಪಾತ್ರೆ ಉಜ್ಜುವ ನಾರು ಕೂಡದು. ಗಾಜಿನ ಮೇಲಿರುವ ಜಿಡ್ಡು ಹಿಡಿಯದ ಲೇಪ ಅದರಿಂದ ಹೋಗುತ್ತದೆ. ಫೋನಿಗೆ ಒಂದು ಜೇಬು ಪ್ರತ್ಯೇಕವಾಗಿರಲಿ. ವಾರಕ್ಕೊಮ್ಮೆ ಆ ಜೇಬನ್ನು ಮಗುಚಿ ಮಣ್ಣು ಕೊಡವಬೇಕು.

ಫೋನಿನ ಪರದೆ ಬೆರಳಿನ ವಿದ್ಯುತ್ ಗುಣವನ್ನು ಹಿಡಿದು ಕೆಲಸ ಮಾಡುತ್ತದೆ. ನೀರಿನ ಹನಿಗೂ ಅದೇ ಗುಣ ಇರುವುದರಿಂದ ಮಳೆಯಲ್ಲಿ ಒತ್ತದ ಅಂಕಿ ಒತ್ತಿದಂತಾಗುತ್ತದೆ. ಯಾವ ಗಾರ್ಡೂ ಇದನ್ನು ತಡೆಯದು. ಒದ್ದೆ ಕೈಯಲ್ಲಿ, ಒದ್ದೆ ಪರದೆಯಲ್ಲಿ ಹಣ ಕಳುಹಿಸಬಾರದು. ಒರೆಸಿ, ಸೂರಿನಡಿ ನಿಂತು, ಹೆಸರು ಮತ್ತು ಮೊತ್ತವನ್ನು ಎರಡು ಸಲ ಓದಿ ಬಳಿಕ ಪಿನ್ ಒತ್ತಬೇಕು.

ಗಾರ್ಡಿನಲ್ಲಿ ಅಡ್ಡಲಾಗಿ ಸೀಳು ಬಂದಿದ್ದರೆ, ಮೂಲೆ ಮುರಿದು ಚೂರು ಉದುರುತ್ತಿದ್ದರೆ, ಅಂಕಿಗಳು ಸರಿಯಾಗಿ ಕಾಣದಿದ್ದರೆ ಬದಲಿಸುವ ಕಾಲ ಬಂತೆಂದು ತಿಳಿಯಬೇಕು. ಹರಿದ ಕೊಟ್ಟೆ ಕೊನೆಯ ಮೇಲಿದ್ದು ಫಲವೇನು? ಒಡೆದ ಗಾಜು ಗಾರ್ಡಿನದೋ ಫೋನಿನದೋ ಎಂಬ ಸಂಶಯವಿದ್ದರೆ ಉಗುರನ್ನು ಗಾರ್ಡಿನ ಅಂಚಿಗೆ ಕೊಟ್ಟು ನೋಡಿ, ಸೀಳು ಅಂಚಿನಲ್ಲೇ ನಿಂತಿದ್ದರೆ ಅದು ಬಹುಮಟ್ಟಿಗೆ ಗಾರ್ಡಿನದು. ಡಿಸ್‌ಪ್ಲೇ ಹೋಯಿತೆಂದು ಹೆದರಿ ಬಂದವರ ಫೋನಿನಲ್ಲಿ ಗಾರ್ಡು ಮಾತ್ರ ಒಡೆದಿದ್ದುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ.

ಗಾರ್ಡಿನಿಂದ ಆಗದ ಕೆಲಸ

ಯಾವ ಗಾರ್ಡೂ ಸರ್ವರೋಗಕ್ಕೆ ಮದ್ದಲ್ಲ. ಫೋನು ಮೂಲೆ ಕೆಳಗಾಗಿ ಕಲ್ಲಿನ ಮೇಲೆ ಬಿದ್ದರೆ ಪೆಟ್ಟು ಚೌಕಟ್ಟಿನ ಮೂಲಕ ಗಾಜಿಗೆ ಹೋಗುತ್ತದೆ. ಅಲ್ಲಿ ಉಳಿಸುವುದು ಮೂಲೆ ದಪ್ಪವಿರುವ ಕವರು. ಹಿಂಜೇಬಿನಲ್ಲಿಟ್ಟು ಕುಳಿತರೆ ಫೋನು ಬಾಗುತ್ತದೆ, ಅದನ್ನೂ ಗಾರ್ಡು ತಡೆಯದು. ನೀರು ಒಳಹೋಗದಂತೆ ಮಾಡುವ ಶಕ್ತಿಯೂ ಅದಕ್ಕಿಲ್ಲ. ಮಳೆಗಾಲಕ್ಕೆ ಬಾಯಿ ಬಿಗಿಯುವ ಪ್ಲಾಸ್ಟಿಕ್ ಚೀಲವೇ ಬೇಕು.

ಆದುದರಿಂದ ಮುಖ್ಯವಾದ ಹತ್ತು ಹನ್ನೆರಡು ಫೋನ್ ನಂಬರುಗಳನ್ನು ಡೈರಿಯಲ್ಲಿ ಬರೆದು ಗೋಡೆಯ ಮೊಳೆಗೆ ತೂಗುಹಾಕಿಡುವ ಹಳೆಯ ಪದ್ಧತಿಯನ್ನು ಯಾರೂ ಬಿಡಬೇಡಿ. ಫೋನು ಸತ್ತ ರಾತ್ರಿ ಪಕ್ಕದ ಮನೆಯ ಫೋನಿನಿಂದ ಕರೆ ಮಾಡಲು ನಂಬರು ಬಾಯಿಗೆ ಬಾರದೆ ಕಷ್ಟಪಟ್ಟವರಿದ್ದಾರೆ.

ಖರ್ಚಿನ ಲೆಕ್ಕ

ಮಾಮೂಲು ಫೋನಿನ ಡಿಸ್‌ಪ್ಲೇ ಬದಲಿಸಲು ಕೆಲವು ಸಾವಿರ ರೂಪಾಯಿ ತಗಲುತ್ತದೆ. ಬಿದ್ದು ಒಡೆದುದಕ್ಕೆ ಕಂಪೆನಿಯ ಸಾಮಾನ್ಯ ವಾರಂಟಿ ಅನ್ವಯಿಸುವುದಿಲ್ಲ. 150 ರೂಪಾಯಿಯ ಗಾಜನ್ನು ವರ್ಷಕ್ಕೆ ಎರಡು ಸಲ ಬದಲಿಸಿದರೂ ಮೂರು ವರ್ಷಕ್ಕೆ 900 ರೂಪಾಯಿ. ಹಣ ಉಳಿಯುವುದು ಒಂದು ಕಡೆ. ಡಿಸ್‌ಪ್ಲೇ ಬರುವವರೆಗೆ ಫೋನನ್ನು ಪೇಟೆಯಲ್ಲಿ ಬಿಟ್ಟು, ಸುಗ್ಗಿಯ ನಡುವೆ ಓಟಿಪಿ ಇಲ್ಲದೆ, ಬಟವಾಡೆ ಇಲ್ಲದೆ ಕೂರುವ ನಷ್ಟವನ್ನು ಲೆಕ್ಕ ಹಾಕುವವರು ಯಾರು?

ಇಲ್ಲಿ ತೋಟದ ಮಾಲೀಕರಲ್ಲಿ ನಮ್ಮದೊಂದು ವಿನಂತಿ. ಮಾಲೀಕರ ಫೋನು ಒಡೆದರೆ ಮನೆಯಲ್ಲಿ ಇನ್ನೊಂದು ಇರುತ್ತದೆ. ಕೆಲಸಕ್ಕೆ ಬರುವವರ ಮನೆಯಲ್ಲಿ ಎಷ್ಟೋ ಸಲ ಇರುವುದು ಒಂದೇ ಫೋನು. ಅದರಲ್ಲೇ ಕೂಲಿ ಬರುವುದು, ಅದರಲ್ಲೇ ಮಗಳ ಶಾಲೆಯ ಸಂದೇಶ, ಅದರಲ್ಲೇ ಊರಿನ ತಂದೆತಾಯಿಯ ಧ್ವನಿ. ಕೊನೆಗಾರ ಮರದಿಂದ ಇಳಿಯುವಾಗ, ಕೊಯ್ಲಿನ ಹೆಂಗಸರು ಚೀಲ ಹೊರುವಾಗ ಬೀಳುವ ಫೋನು ಅದು. ಸುಗ್ಗಿ ಆರಂಭದಲ್ಲಿ ಟೋಪಿ, ಕೈಗವಸು ತರಿಸುವಾಗ ಅವರ ಫೋನಿಗೂ ಒಂದೊಂದು ಗಾಜು, ಒಂದೊಂದು ಪ್ಲಾಸ್ಟಿಕ್ ಚೀಲ ತರಿಸಿಕೊಟ್ಟರೆ ಖರ್ಚು ಒಂದು ದಿನದ ಕೂಲಿಯನ್ನೂ ಮುಟ್ಟುವುದಿಲ್ಲ. ಉಪಕಾರ ಮಾತ್ರ ವರ್ಷಪೂರ್ತಿ.

ಸದಸ್ಯರು ಮಾಡತಕ್ಕ ಕೆಲಸ ಇಷ್ಟೆ: ಇಂದೇ ತಮ್ಮ ಫೋನನ್ನು ಆಫ್ ಮಾಡಿ, ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಗಾರ್ಡು ಇಲ್ಲದಿದ್ದರೆ ಮುಂದಿನ ಸಂತೆಯ ದಿನವೇ ಒಂದನ್ನು ತನ್ನಿ. ಇದ್ದು ಸೀಳಿದ್ದರೆ ಬದಲಿಸಿ. ಮನೆಯ ಹಿರಿಯರ ಫೋನನ್ನೂ ಆಗಲೇ ನೋಡಿಬಿಡಿ.